ಚುಕ್ಕಿ ಇದ್ದದ್ದು, ಚುಕ್ಕಿ ಇಲ್ಲದ್ದು

ರಾಯಚೂರು ಅಂದರೆ ಸಾಕು, ಬೆಂಗಳೂರಿನ ಗೆಳೆಯರು "ಅಯ್ಯೋ, ಬಿಸಿಲಪ್ಪಾ!" ಅಂತಾರೆ. ಬೇಸಿಗೆಯಲ್ಲಿ ಅದು ನಿಜ, ನಾನೇ ಒಪ್ಪಿಕೊಳ್ತೀನಿ. ಆದರೆ ಉತ್ತರಿ ಮಳೆ ಮುಗಿದು ಹಸ್ತ ಮಳೆ ಹಿಡಿಯೋ ಹೊತ್ತಿಗೆ ಒಮ್ಮೆ ಬಂದು ನೋಡಿ. ನಮ್ಮ ಕಡೆ ಮಳೆ ಜಾಸ್ತಿ ಬೀಳೋದೇ ಸೆಪ್ಟೆಂಬರಿನಲ್ಲಿ. ಬೇಲಿ, ಹಿತ್ತಲು, ಹೊಲದ ಬದು ಎಲ್ಲ ಹಸಿರಾಗಿ, ಎಲೆ ಎಲೆಗೂ ಒಂದೊಂದು ಹುಳ ಕೂತಿರುತ್ತೆ. ದಿನವಿಡೀ ಕೋಡ್ ಬರೆದು ಕಣ್ಣು ಕೆಂಪು ಮಾಡಿಕೊಳ್ಳೋ ನನ್ನಂಥವನಿಗೆ ಇದಕ್ಕಿಂತ ಒಳ್ಳೆ ರಜೆ ಇನ್ನೇನು ಬೇಕು? ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ಕೊಂಡಾಗಿನಿಂದ ದಸರೆಗೆ ಮುಂಚೆ ಒಂದು ವಾರ ಊರಿಗೆ ಹೋಗೋದು ರೂಢಿಯಾಗಿಬಿಟ್ಟಿದೆ.

ಮೊದಲ ದಿನ ಅವ್ವನ ಹಿತ್ತಲು. ದಾಸವಾಳದ ಗಿಡದಲ್ಲಿ ಬಲೆಯ ನಟ್ಟನಡುವೆ ಬಿಳಿ ದಾರದಲ್ಲಿ ಇಂಟು ಗುರುತು ಹಾಕಿ, ಅದರ ಮೇಲೆ ಕಾಲು ಜೋಡಿಸಿಕೊಂಡು ಕೂತ ಜೇಡ ಸಿಕ್ಕಿತು. ಇದರ ಹೆಸರು ಆರ್ಜಿಯೋಪ್ ಅನಸೂಯ. ಸ್ವೀಡನ್ನಿನ ಥೋರೆಲ್ 1887ರಲ್ಲಿ ಇಟ್ಟ ಹೆಸರು. ಓದಿದ ಕೂಡಲೇ ಶಕುಂತಲೆಯ ಗೆಳತಿ ನೆನಪಾದಳು. ಪರದೇಶದವನೊಬ್ಬ ಇಟ್ಟ ಹೆಸರು ಪಕ್ಕದ ಮನೆ ಹುಡುಗಿಯ ಹೆಸರಿನಂತೆ ಕೇಳಿಸಿದರೆ ಒಂಥರಾ ಖುಷಿ :)

ಅದೇ ಹಿತ್ತಲಿನ ಬೆಂಡಿಗಿಡದಲ್ಲಿ ಕೆಂಪು ಹುಳಗಳ ಸಂತೆ ನೆರೆದಿತ್ತು. ನೀವೂ ನೋಡಿರ್ತೀರಿ. ಕೆಂಪು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಚುಕ್ಕಿ, ಹೊಟ್ಟೆಯ ಕೆಳಗೆ ಬಿಳಿ ಪಟ್ಟೆ. ಎರಡು ಹುಳ ಹಿಂಬದಿಗೆ ಹಿಂಬದಿ ಅಂಟಿಕೊಂಡು ಗಂಟೆಗಟ್ಟಲೆ ಅತ್ತಿತ್ತ ಓಡಾಡ್ತಿರ್ತಾವೆ. ಸಣ್ಣವರಿದ್ದಾಗ ನಾವು ಅದಕ್ಕೆ ರೈಲು ಹುಳ ಅಂತಿದ್ವಿ. ಕೃಷಿ ಪುಸ್ತಕದಲ್ಲಿ ಇದು ಹತ್ತಿಯ ಕೆಂಪು ತಿಗಣೆ. ಬೆಂಡಿ, ದಾಸವಾಳ, ಹತ್ತಿ ಎಲ್ಲ ಒಂದೇ ಕುಟುಂಬದ ಗಿಡಗಳಾದ್ದರಿಂದ ಹಿತ್ತಲೂ ಅದರದೇ, ಹೊಲವೂ ಅದರದೇ. ಒಡೆದ ಹತ್ತಿಕಾಯಿಯೊಳಗೆ ಮೂತಿ ಚುಚ್ಚಿ ಬೀಜದ ರಸ ಹೀರುತ್ತೆ. ಆ ಗಾಯದಿಂದ ಬೂಷ್ಟು ಒಳಗೆ ಹೋಗಿ ಅರಳೆಗೆ ಕಲೆ ಬೀಳುತ್ತೆ. ಕಲೆ ಬಿದ್ದ ಹತ್ತಿಗೆ ಮಾರ್ಕೆಟ್ಟಿನಲ್ಲಿ ಏನು ರೇಟು ಹೇಳ್ತಾರೆ ಅನ್ನೋದನ್ನು ರೈತರ ಮನೆಯವರಿಗೆ ನಾನು ಹೇಳಬೇಕಿಲ್ಲ.

ಮರುದಿನ ದೇವದುರ್ಗದ ಹತ್ತಿರ ಕಾಕಾನ ಹೊಲಕ್ಕೆ ಹೋದೆ. ಮೊದಲ ಕಾಯಿಗಳು ಆಗಷ್ಟೇ ಒಡೆದಿದ್ದವು. "ತಮ್ಮಾ, ಇವುನ್ನ ಫೋಟೋ ತಗದು ಏನ್ ಮಾಡ್ತಿ? ಏನ್ ಹುಳ ಅಂತ ಹೇಳು, ಔಷಧ ಹೊಡಿಯೋದೋ ಬಿಡೋದೋ ಅದನ್ನ ಹೇಳು" ಅಂದ ಕಾಕಾ. ಕೆಂಪು ತಿಗಣೆಗಳ ನಡುವೆ ಅಲ್ಲಲ್ಲಿ ಸ್ವಲ್ಪ ದೊಡ್ಡ ಕೆಂಪು ಹುಳಗಳೂ ಇದ್ದವು. ನಾನು ದೊಡ್ಡ ಎಕ್ಸ್‌ಪರ್ಟ್ ಥರ "ಎಲ್ಲಾ ಒಂದೇ ಜಾತಿ ಕಾಕಾ, ದೊಡ್ಡವು ತಾಯಿ ಹುಳ ಇರಬೇಕು" ಅಂದುಬಿಟ್ಟೆ. ಸಂಜೆಯೊಳಗೆ ಕಾಕಾ ಆ ಕಡೆಯ ಸಾಲುಗಳಿಗೆಲ್ಲ ಔಷಧ ಹೊಡೆದಾಗಿತ್ತು.

ರಾತ್ರಿ ರಾಯಚೂರಿನಲ್ಲಿ ಲ್ಯಾಪ್‌ಟಾಪಿಗೆ ಫೋಟೋ ಹಾಕಿ ಝೂಮ್ ಮಾಡಿದೆ. ದೊಡ್ಡ ಹುಳದ ಮೇಲೆ ಚುಕ್ಕಿಗಳೇ ಇಲ್ಲ! ಅಷ್ಟೇ ಅಲ್ಲ, ಅದರ ಸೂಜಿಯಂಥ ಮೂತಿ ನೆಟ್ಟಿದ್ದು ಹತ್ತಿಕಾಯಿಗಲ್ಲ, ಪಕ್ಕದ ಕೆಂಪು ತಿಗಣೆಯ ಬೆನ್ನಿಗೆ. ಹೊಟ್ಟೆಯಲ್ಲಿ ಕಲ್ಲು ಹಾಕಿದಂಗಾಯ್ತು. ನಾನು ತಾಯಿ ಅಂದಿದ್ದು ಅದರ ಯಮನನ್ನು.

ಡಿಸ್ಟಂಟ್ ಎಂಬಾತ ಬರೆದು 1902ರಿಂದ ಸಂಪುಟಗಳಾಗಿ ಬಂದ 'ಫೌನಾ ಆಫ್ ಬ್ರಿಟಿಷ್ ಇಂಡಿಯಾ'ದ ತಿಗಣೆ ಪುಸ್ತಕಗಳು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗ್ತವೆ. ರಾತ್ರಿ ಎರಡು ಗಂಟೆವರೆಗೂ ಅವನ್ನೇ ತಿರುವಿ ಹಾಕಿದೆ. ಚುಕ್ಕಿ ಇದ್ದದ್ದು ಡಿಸ್ಡರ್ಕಸ್ ಕೋನಿಗೈ. ಚುಕ್ಕಿ ಇಲ್ಲದ್ದು ಆಂಟಿಲೋಕಸ್ ಕೋಕ್‌ಬರ್ಟೈ. ಎರಡೂ ಒಂದೇ ಕುಟುಂಬದವು, ಬಣ್ಣವೂ ಒಂದೇ, ಆದರೆ ಎರಡನೆಯದರ ಊಟವೇ ಮೊದಲನೆಯದು. ಇಬ್ಬರಿಗೂ ಹೆಸರಿಟ್ಟವನು ಒಬ್ಬನೇ, ಡೆನ್ಮಾರ್ಕಿನ ಫಾಬ್ರೀಶಿಯಸ್. ಮೊದಲನೆಯದಕ್ಕೆ 1775ರಲ್ಲಿ, ಎರಡನೆಯದಕ್ಕೆ 1803ರಲ್ಲಿ. ಕೋಕ್‌ಬರ್ಟ್ ಎಂಬುವನು ಫಾಬ್ರೀಶಿಯಸ್ ವರ್ಣಿಸಿದ ಹುಳಗಳ ಚಿತ್ರ ಬರೆದ ಫ್ರೆಂಚ್ ಮನುಷ್ಯ. ಇವತ್ತು ಕ್ಯಾಮೆರಾ ಮಾಡೋ ಕೆಲಸವನ್ನು ಅವನು ಕುಂಚದಲ್ಲಿ ಮಾಡಿದ ಅನ್ನಿ.

ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟವನು ಕೋನಿಗ್. ಬಾಲ್ಟಿಕ್ ತೀರದ ಲಿವೋನಿಯಾದಲ್ಲಿ 1728ರಲ್ಲಿ ಹುಟ್ಟಿದವನು, ಲಿನೇಯಸ್‌ನ ಶಿಷ್ಯ. 1768ರಲ್ಲಿ ಡೇನರ ವಸಾಹತಾಗಿದ್ದ ತಮಿಳು ಕರಾವಳಿಯ ತರಂಗಂಬಾಡಿಗೆ ವೈದ್ಯನಾಗಿ ಬಂದ. ಆಮೇಲೆ ಆರ್ಕಾಟಿನ ನವಾಬನ ಬಳಿ ಕೆಲಸ, 1778ರಿಂದ ಈಸ್ಟ್ ಇಂಡಿಯಾ ಕಂಪನಿಯ ನೌಕರಿ. ಕೆಲಸ ಯಾರದ್ದಾದರೂ ಗಿಡ, ಹುಳ ಕೂಡಿಸೋದು ಮಾತ್ರ ಬಿಡಲಿಲ್ಲ. ಗೆದ್ದಲಿನ ಜೀವನದ ಬಗ್ಗೆ 1779ರಲ್ಲೇ ಬರೆದ. ಅವನು ಯುರೋಪಿಗೆ ಕಳಿಸಿದ ಎಷ್ಟೋ ಹುಳಗಳಿಗೆ ಫಾಬ್ರೀಶಿಯಸ್ ಹೆಸರಿಟ್ಟ. ಒಂದಕ್ಕೆ ಕೋನಿಗ್‌ನ ಹೆಸರನ್ನೇ ಇಟ್ಟ. 1785ರಲ್ಲಿ ಕಾಕಿನಾಡದ ಹತ್ತಿರ ಕಾಯಿಲೆಯಿಂದ ಸತ್ತಾಗ ಅವನನ್ನು ನೋಡಿಕೊಂಡವನು ಮುಂದೆ ಭಾರತದ ಸಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದ ವಿಲಿಯಂ ರಾಕ್ಸ್‌ಬರ್ಗ್. ಹದಿನೇಳು ವರ್ಷ ಈ ಸೀಮೆಯಲ್ಲಿ ಬಿಸಿಲು ತಿಂದವನ ಹೆಸರು ಕೊನೆಗೆ ನಮ್ಮ ರೈತರು ಬಾಯ್ತುಂಬ ಬೈಯೋ ಹುಳಕ್ಕೆ ಅಂಟಿಕೊಂಡಿದೆ. ಪಾಪ ಅನ್ನಿಸಿತು.

ನನ್ನಂಗೆ ಮೋಸ ಹೋದವರು ಕಡಿಮೆಯೇನಲ್ಲ ಅಂತ ತಿಳಿದಾಗ ಸ್ವಲ್ಪ ಸಮಾಧಾನವೂ ಆಯ್ತು. ಫಾಬ್ರೀಶಿಯಸ್ 1775ರಲ್ಲೇ ಇನ್ನೊಂದು ಕೆಂಪು ತಿಗಣೆಗೆ ಸಿಂಗ್ಯುಲೇಟಸ್ ಅಂತ ಹೆಸರಿಟ್ಟಿದ್ದ. ಕೋನಿಗೈಗೂ ಅದಕ್ಕೂ ಎಷ್ಟು ಹೋಲಿಕೆ ಅಂದರೆ ಪುಸ್ತಕಗಳಲ್ಲಿ ಒಂದರ ಹೆಸರು ಇನ್ನೊಂದಕ್ಕೆ ಬೀಳ್ತಾನೇ ಬಂತು. 1947ರಲ್ಲಿ ಫ್ರೀಮನ್ ಎಂಬಾತ ಇಡೀ ಡಿಸ್ಡರ್ಕಸ್ ಗುಂಪನ್ನು ಮತ್ತೆ ಕೂತು ಪರಿಶೀಲಿಸಿದ. 1956ರಲ್ಲಿ ನಮ್ಮವರೇ ಆದ ಕಪೂರ್ ಮತ್ತು ವಜೀರಾನಿ, ಭಾರತದಲ್ಲಿರೋವು ಯಾವುವು, ಎಲ್ಲೆಲ್ಲಿವೆ ಅಂತ ಪ್ರತ್ಯೇಕವಾಗಿ ಬರೆದರು. ಹೆಸರಿಟ್ಟು ನೂರೆಂಬತ್ತು ವರ್ಷ ಆದಮೇಲೂ ಗುರುತು ಹಿಡಿಯೋ ಕೆಲಸ ನಡೀತಾನೇ ಇತ್ತು. ನಮ್ಮ ಆಫೀಸಿನ ಹಳೇ ಬಗ್‌ಗಳು ಇದರ ಮುಂದೆ ಏನೂ ಅಲ್ಲ.

ಇದು ಬರೀ ಹೆಸರಿನ ಜಗಳ ಅಂತ ತಿಳೀಬೇಡಿ. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ವಿಷ ಕೆಲಸ ಮಾಡೋದು ಕಾಯಿಕೊರಕದಂಥ ಕಂಬಳಿಹುಳ ಜಾತಿಗೆ. ಚುಚ್ಚಿ ರಸ ಹೀರೋ ತಿಗಣೆ, ಬಿಳಿನೊಣ, ಜಿಗಿಹುಳಗಳಿಗೆ ಅದರಿಂದ ಏನೂ ಆಗಲ್ಲ. ಹಾಗಾಗಿ ಬಿಟಿ ಬಂದರೂ ಬೆನ್ನ ಮೇಲಿನ ಪಂಪು ಇಳಿಯಲಿಲ್ಲ. ಪಂಪು ಹೊತ್ತವನಿಗೆ ಕಾಣೋದು ಬರೀ ಕೆಂಪು ಬಣ್ಣ. ಅದರಲ್ಲಿ ಕಳ್ಳ ಯಾರು, ಪೊಲೀಸ್ ಯಾರು ಅಂತ ಹೇಳಬೇಕಾದವನು ನಾನಿದ್ದೆ, ಹೇಳಲಿಲ್ಲ.

ಇನ್ನೊಂದು ದಿನ ಮಾನ್ವಿ ಹತ್ತಿರ ಅತ್ತೆಯ ಊರಿಗೆ ಹೋಗಿದ್ದು ಕೋಲ್‌ಮನ್‌ನ ಮಿಡತೆ ಹುಡುಕಲು. ಲೆಸ್ಲಿ ಕೋಲ್‌ಮನ್ ಕೆನಡಾದವನು, 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದನ್ನು ಮಲೆನಾಡಿಗೆ ಕಲಿಸಿದವನು ಅಂತ ಮಲೆನಾಡಿನವರಿಗೆ ಗೊತ್ತಿರುತ್ತೆ. ನಮ್ಮ ಬಯಲುಸೀಮೆಗೆ ಅವನು ಜೋಳ ತಿನ್ನೋ, ರೆಕ್ಕೆಯೇ ಇಲ್ಲದ ದಖ್ಖನ್ ಮಿಡತೆಯನ್ನು ಕೂಲಂಕಷವಾಗಿ ನೋಡಿದವನು. ಸ್ಪೇನಿನ ಬೊಲಿವಾರ್ 1910ರಲ್ಲಿ ಅದಕ್ಕೆ ಕೋಲ್‌ಮೇನಿಯಾ ಅಂತ ಹೆಸರಿಟ್ಟ. ಮರುವರ್ಷ ಮೈಸೂರಿನಿಂದ ಬಂದ ಬುಲೆಟಿನ್ನಿನ ಇಂಗ್ಲಿಷ್ ತಲೆಬರಹದಲ್ಲೇ 'ಜೋಳ' ಅನ್ನೋ ನಮ್ಮ ಪದ ಇದೆ! ಆಗ ನಮ್ಮದು ನಿಜಾಮರ ರಾಜ್ಯ, ತುಂಗಭದ್ರೆ ದಾಟಿದರೆ ಮದ್ರಾಸಿನವರ ಬಳ್ಳಾರಿ ಜಿಲ್ಲೆ, ಅದರಾಚೆ ಮೈಸೂರು. ಮೂರು ಸರ್ಕಾರ, ಒಂದೇ ಕಪ್ಪು ಮಣ್ಣು. ಆದರೆ ಕಾಲುವೆ ನೀರು ಬಂದಮೇಲೆ ಮಾನ್ವಿ ಕಡೆ ಎಲ್ಲಿ ನೋಡಿದರೂ ಭತ್ತ. ಅತ್ತೆ ತೋರಿಸಿದ ಒಂದು ಪಟ್ಟಿ ಜೋಳದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ತಡಕಿದೆ. ಸೂರ್ಯನ ಕುದುರೆ ಎರಡು, ರೆಕ್ಕೆ ಇದ್ದ ಮಿಡತೆ ಬೇಕಾದಷ್ಟು. ಕೋಲ್‌ಮನ್‌ನದು ಒಂದೂ ಇಲ್ಲ. ಕ್ಯಾಮೆರಾ ಒಳಗಿಟ್ಟು ರೊಟ್ಟಿ, ಪುಂಡಿಪಲ್ಲೆ ತಿಂದು ವಾಪಸ್ ಬಂದೆ.

ಬೆಂಗಳೂರು ರೈಲು ಹತ್ತೋಕೆ ಮುಂಚೆ ದೇವದುರ್ಗಕ್ಕೆ ಮತ್ತೊಮ್ಮೆ ಹೋಗಿ ಕಾಕಾಗೆ ಫೋಟೋ ತೋರಿಸಿದೆ, ತಪ್ಪು ಒಪ್ಪಿಕೊಂಡೆ. ಕಾಕಾ ಬೈಯಲಿಲ್ಲ. ಫೋನಿನ ಸ್ಕ್ರೀನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಇದಕ್ಕ ನಮ್ಮ ಭಾಷಾದಾಗ ಏನಂತಾರ?" ಅಂದ. ನನ್ನ ಹತ್ತಿರ ಇದ್ದದ್ದು ಫ್ರೆಂಚ್‌ನವನ ಹೆಸರು. ಅದನ್ನು ಹೇಳೋಕೆ ನಾಚಿಕೆಯಾಯ್ತು.

ಔಷಧ ಹೊಡೆಯದ ಸಾಲುಗಳು ಇನ್ನೂ ಉಳಿದಿದ್ದವು. ಕಾಕಾ ಆ ಕಡೆ ಹತ್ತಿ ಬಿಡಿಸ್ತಿದ್ದ ಹೆಣ್ಮಕ್ಕಳಿಗೆ ಕೂಗಿ ಹೇಳಿದ: "ಏ ಯವ್ವಾ, ಚುಕ್ಕಿ ಇದ್ದದ್ದು ಕೊಲ್ರಿ, ಚುಕ್ಕಿ ಇಲ್ಲದ್ದು ಬಿಡ್ರಿ!"