ಸಂತೆಪೇಟೆಯ ತಗಡಿನ ತಟ್ಟೆ

ಒಂದು ಊರಿನ ಇತಿಹಾಸವನ್ನು ಅರಸಿ ಬಂದವರು ಮೊದಲು ಅರಮನೆಯ ದಾರಿ ಕೇಳುತ್ತಾರೆ, ಆಮೇಲೆ ಗುಡಿಯ ದಾರಿ. ಜಮಖಂಡಿಗೆ ಬಂದವರನ್ನು ರಾಮತೀರ್ಥದ ಅರಮನೆಗೆ ಕರೆದೊಯ್ಯುತ್ತೇವೆ. ಮುಧೋಳಕ್ಕೆ ಬಂದವರಿಗೆ ರನ್ನನ ಹೆಸರು ಹೇಳುತ್ತೇವೆ. ಬೀಳಗಿಯಲ್ಲಿ ಅರೆತ್ತಿನ ಬಾವಿಯನ್ನು ತೋರಿಸುತ್ತೇವೆ. ರಬಕವಿ-ಬನಹಟ್ಟಿಯಲ್ಲಿ ಏನನ್ನೂ ತೋರಿಸಬೇಕಾಗಿಲ್ಲ, ಮಗ್ಗದ ಸಪ್ಪಳವೇ ಊರಿನ ಪರಿಚಯ ಮಾಡಿಕೊಡುತ್ತದೆ. ಆದರೆ ಈ ಊರುಗಳ ಸಂತೆಗೆ ಬಂದ ಸಾವಿರಾರು ಜನ ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಉಂಡರು ಎಂದು ಕೇಳುವವರು ಕಡಿಮೆ. ಅರಸರ ಊಟದ ವರ್ಣನೆ ಗ್ರಂಥಗಳಲ್ಲಿ ಸಿಗುತ್ತದೆ. ಸಂತೆಯವನ ಊಟಕ್ಕೆ ಶಾಸನವಿಲ್ಲ.

ಜಮಖಂಡಿಯ ಪೇಟೆಯ ಹಿಂಬದಿಯ ಓಣಿಯಲ್ಲಿ ಅಂಥದೊಂದು ಊಟದ ಅಂಗಡಿಯಿದೆ. ಮೇಲೆ ತಗಡಿನ ಚಪ್ಪರ. ಕೆಳಗೆ ಎರಡು ಬೆಂಚು, ಒಂದು ನೀರಿನ ಪಿಪಾಯಿ. ಒಲೆಯ ಮೇಲೆ ಕಲಾಯಿ ಹಾಕಿದ ದೊಡ್ಡ ಡೇಗೆ. ಹಲಗೆಯ ಮೇಲೆ 786 ಎಂಬ ಅಂಕಿ, ಅದರ ಕೆಳಗೆ ಕನ್ನಡದಲ್ಲಿ ‘ಹಲಾಲ್’ ಎಂಬ ಮೂರಕ್ಷರದ ಮಾತು. ನಮ್ಮದು ಮಾಂಸ ಮುಟ್ಟದ ಮನೆತನ. ನಾನು ಹುಡುಗನಾಗಿದ್ದಾಗ ತಂದೆಯವರು ರಬಕವಿಯ ನೂಲಿನ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದರು. ಪೇಟೆಗೆ ಕರೆದುಕೊಂಡು ಬಂದಾಗ ಈ ಬಗೆಯ ಅಂಗಡಿ ಎದುರಾದರೆ ನನ್ನ ಕೈ ಹಿಡಿದು ಓಣಿಯ ಆಚೆಯ ಮಗ್ಗುಲಿಗೆ ದಾಟುತ್ತಿದ್ದರು. ಬಯ್ದವರಲ್ಲ, ಏಕೆಂದು ಹೇಳಿದವರೂ ಅಲ್ಲ. ಓಣಿ ದಾಟುವುದು ಒಂದು ರೂಢಿಯಾಗಿತ್ತು. ರೂಢಿಗಳಿಗೂ ಇತಿಹಾಸವಿರುತ್ತದೆಯಷ್ಟೆ. ಅದನ್ನು ಹುಡುಕಹೊರಟಾಗ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಮೂರಕ್ಷರದ ಮಾತು. ಅರಬ್ಬೀ ಭಾಷೆಯಲ್ಲಿ ಹಲಾಲ್ ಎಂದರೆ ವಿಹಿತವಾದದ್ದು, ಸಲ್ಲುವಂಥದು. ಮಾಂಸದ ಮಟ್ಟಿಗೆ ಅದರ ನಿಯಮಗಳು ಸರಳ: ಪ್ರಾಣಿ ಜೀವಂತವಾಗಿರಬೇಕು, ಕತ್ತಿ ಹರಿತವಾಗಿರಬೇಕು, ದೇವರ ಹೆಸರು ಹೇಳಬೇಕು, ರಕ್ತ ಹರಿದುಹೋಗಬೇಕು. ಪ್ರಾಣಿಯ ಕಣ್ಣೆದುರಿನಲ್ಲಿ ಕತ್ತಿ ಮಸೆಯಬಾರದೆಂಬುದೂ ಉಂಟು. ಆದರೆ ಈ ಮಾತು ಮಾಂಸಕ್ಕೆ ಮಾತ್ರ ಸೀಮಿತವಲ್ಲ. ಮೋಸದ ತೂಕದಿಂದ ಗಳಿಸಿದ ದುಡ್ಡು ಹಲಾಲ್ ಅಲ್ಲ. ಬೆವರಿನ ಕೂಲಿ ಹಲಾಲ್. ಕಾಯಕದ ಮಾತು ಕೇಳಿ ಬೆಳೆದ ನಮ್ಮ ನಾಡಿನವರಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ.

ಇಂಥ ಊಟದ ಮನೆಗಳು ನಮ್ಮ ಕಡೆಗೆ ಏಕೆ ಹುಟ್ಟಿದವು ಎಂಬುದಕ್ಕೆ ಒಬ್ಬ ಪ್ರವಾಸಿಯ ಬರಹ ದಾರಿ ತೋರಿಸುತ್ತದೆ. 1340ರ ದಶಕದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ನಮ್ಮ ಪಡುವಣ ಕರಾವಳಿಯಲ್ಲಿ ಸಂಚರಿಸಿದ. ಹೊನ್ನಾವರದಲ್ಲಿ ಅನ್ನ, ತುಪ್ಪ, ಮೆಣಸು ಶುಂಠಿ ಮಾವಿನ ಉಪ್ಪಿನಕಾಯಿಗಳನ್ನು ಉಂಡು ಅವುಗಳನ್ನು ಮರೆಯದೆ ಬರೆದಿಟ್ಟ. ಅಲ್ಲಿಂದ ತೆಂಕಣಕ್ಕೆ ಹೋದಾಗ ಅವನು ಕಂಡದ್ದು ಹೀಗೆ: ಊರಿನವರು ಪರಧರ್ಮದ ದಾರಿಗನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ, ತಮ್ಮ ಪಾತ್ರೆಯಲ್ಲಿ ಉಣ್ಣಿಸುತ್ತಿರಲಿಲ್ಲ, ಕೊಟ್ಟರೆ ಬಾಳೆಯ ಎಲೆಯ ಮೇಲೆ ಕೊಡುತ್ತಿದ್ದರು. ಆದರೆ ಪ್ರತಿಯೊಂದು ತಂಗುದಾಣದಲ್ಲಿಯೂ ಮುಸಲ್ಮಾನರ ಕೆಲವು ಮನೆಗಳಿದ್ದವು. ಅಲ್ಲಿ ವ್ಯಾಪಾರಿಗಳು ಇಳಿದುಕೊಂಡು ಬೇಕಾದುದನ್ನು ಕೊಳ್ಳುತ್ತಿದ್ದರು, ಅಡಿಗೆಯನ್ನೂ ಮಾಡಿಸಿಕೊಳ್ಳುತ್ತಿದ್ದರು. ಅವು ಇಲ್ಲದಿದ್ದರೆ ಆ ದಾರಿಯಲ್ಲಿ ಮುಸಲ್ಮಾನನು ಪ್ರಯಾಣ ಮಾಡುವುದೇ ಸಾಧ್ಯವಿರಲಿಲ್ಲವೆಂದು ಅವನು ಹೇಳುತ್ತಾನೆ. ಎಂದರೆ, ಈ ಊಟದ ಮನೆಗೆ ಎರಡು ನಿಷೇಧಗಳು ತಂದೆತಾಯಿ. ಒಂದು ಆತಿಥೇಯನ ಮಡಿ, ಇನ್ನೊಂದು ಅತಿಥಿಯ ವ್ರತ. ಎರಡರ ನಡುವೆ ಹಸಿವು ನಿಂತಿತ್ತು. ಯಾರೋ ಒಬ್ಬರು ಒಲೆ ಹೊತ್ತಿಸಲೇಬೇಕಾಯಿತು.

ಹಾಗೆಂದು ಮಾಂಸದ ಅಡಿಗೆ ನಮ್ಮ ನಾಡಿಗೆ ಹೊರಗಿನಿಂದ ಬಂದಿತೆಂದು ಎಣಿಸಬಾರದು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಕಾಲದ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದ ಮೊದಲರ್ಧದಲ್ಲಿಯೇ, ಮಾಂಸದ ತುಂಡುಗಳನ್ನು ಸರಳಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಕ್ರಮದ ವಿವರವಿದೆ. ಸು. 1520ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯಸ್, ಅಲ್ಲಿನ ಬೀದಿಬೀದಿಯಲ್ಲಿ ಕುರಿಯ ಮಾಂಸ ಮಾರುವವರಿದ್ದರೆಂದು ಬೆರಗುಪಟ್ಟಿದ್ದಾನೆ. ಅದೇ ವಿಜಯನಗರದಲ್ಲಿ 1439ರಲ್ಲಿ ಅಹಮದ್ ಖಾನ್ ಎಂಬ ಸೇನಾನಿ ತನ್ನ ಒಡೆಯ ದೇವರಾಯನ ಪುಣ್ಯಕ್ಕಾಗಿ ಒಂದು ಮಸೀದಿಯನ್ನು ಕಟ್ಟಿಸಿದ. ಅಲ್ಲಿನ ಕನ್ನಡ ಶಾಸನ ಅದನ್ನು ಕರೆಯುವುದು ‘ಧರ್ಮಸಾಲೆ’ ಎಂದು. ಪರರ ಸಂಸ್ಥೆಗೆ ನಮ್ಮ ಭಾಷೆ ಎಷ್ಟು ಸಹಜವಾಗಿ ತನ್ನ ಹೆಸರನ್ನು ಕೊಡಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ಭಾಗ. ಕೃಷ್ಣೆ-ಘಟಪ್ರಭೆಗಳ ಈ ಸೀಮೆ ಸುಮಾರು 200 ವರ್ಷ, 1686ರವರೆಗೆ, ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಮುಧೋಳದ ಘೋರ್ಪಡೆಯವರು ಆ ದರಬಾರಿನ ಸರದಾರರಾಗಿದ್ದವರು. ದಂಡಿನ ದಾರಿಯಲ್ಲಿ, ಸರಾಯಿಗಳಲ್ಲಿ ಅಡಿಗೆ ಮಾಡಿ ಮಾರುವವನಿಗೆ ಭಟಿಯಾರನೆಂದು ಹೆಸರು, ರೊಟ್ಟಿ ಸುಡುವವನು ನಾನವಾಯಿ, ಹಣ್ಣು-ಕಾಯಿಪಲ್ಲೆಯವನು ಬಾಗವಾನ, ಅತ್ತರು ಮಾರುವವನು ಅತ್ತಾರ, ಅರಳೆ ಹಿಂಜುವವನು ಪಿಂಜಾರ. ಇವರ ವೃತ್ತಿಗಳೇ ನಮ್ಮ ಪೇಟೆಗಳಲ್ಲಿ ಇಂದಿಗೂ ಅಡ್ಡಹೆಸರುಗಳಾಗಿ ಉಳಿದಿವೆ. ರಾಜ್ಯ ಹೋಯಿತು, ಒಲೆ ಉಳಿಯಿತು.

ಈ ಒಲೆಗೂ ಹಳ್ಳಿಗೂ ಇದ್ದ ಸಂಬಂಧ ನಾವು ಮರೆತಿರುವ ಒಂದು ಅಧ್ಯಾಯ. ದಖ್ಖಣದ ಹಳ್ಳಿಗಳಲ್ಲಿ ಆಯಗಾರರ ಸಾಲಿನಲ್ಲಿ ಮುಲ್ಲಾ ಅಥವಾ ಮುಲಾಣಿಯೂ ಇದ್ದನು. ಕುರಿ ಕೊಯ್ಯುವುದು ಅವನ ಹಕ್ಕು, ಅದಕ್ಕೆ ಅವನಿಗೆ ಪಾಲು. ಸಾತಾರೆಯಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಜೇಮ್ಸ್ ಗ್ರ್ಯಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿ ಇದನ್ನು ವಿಶೇಷವಾಗಿ ಗುರುತಿಸಿದ್ದಾನೆ: ಮುಲ್ಲಾ ಬಂದು ಮಂತ್ರ ಹೇಳಿದ ಹೊರತು ಮಾಂಸ ಸಲ್ಲದೆಂದು ಹಿಂದೂ ಮರಾಠರೇ ಭಾವಿಸುತ್ತಿದ್ದರಂತೆ. ದೇವಿಯ ಜಾತ್ರೆಗೆ ಬಿಟ್ಟ ಕುರಿಗೂ ಅವನೇ ಬರಬೇಕು. ನಂಬಿಕೆ ಯಾರದು, ಹಬ್ಬ ಯಾರದು ಎಂದು ಬೇರೆಮಾಡಿ ಹೇಳುವುದು ಕಷ್ಟ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಚೋಂಗೆ ಮಾಡಿಕೊಂಡು ಹೋಗುವ ಒಕ್ಕಲಗಿತ್ತಿಯನ್ನು ಕಂಡವರಿಗೆ ಇದು ಸೋಜಿಗವೆನಿಸಲಾರದು. ಹಾಲು, ಖರ್ಜೂರಗಳ ‘ಶೀರ್ ಖುರ್ಮಾ’ವನ್ನು ‘ಸುರಕುಂಬಾ’ ಎಂದು ಕರೆದು ಅದಕ್ಕೆ ಕನ್ನಡದ ಅಂಗಿ ತೊಡಿಸಿದವರೂ ನಾವೇ.

ಸಂಸ್ಥಾನಗಳ ಕಾಲದ ನಕಾಶೆಯನ್ನು ನೋಡಿದರೆ ಸಂತೆಯ ಊಟದ ಬೆಲೆ ಇನ್ನಷ್ಟು ತಿಳಿಯುತ್ತದೆ. ಈಗ ಒಂದೇ ಉಸುರಿನಲ್ಲಿ ಹೇಳುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಹತ್ತಿರದ ಮಹಾಲಿಂಗಪುರ ಮುಧೋಳಕ್ಕೆ ಸೇರಿದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಬೆಲ್ಲದ ಗಾಡಿಯವನು, ಸೀರೆಯ ಗಂಟು ಹೊತ್ತ ನೇಕಾರ, ಕುರಿ ಹೊಡೆದುಕೊಂಡು ಬಂದ ಕುರುಬ, ಎಲ್ಲರೂ ಒಂದೇ ದಿನದಲ್ಲಿ ಎರಡು ಮೂರು ಅರಸರ ಎಲ್ಲೆಗಳನ್ನು ದಾಟುತ್ತಿದ್ದರು. ಬುತ್ತಿ ಬೆಳಿಗ್ಗೆಯೇ ಮುಗಿದಿರುತ್ತಿತ್ತು. ರೈಲು ಬೇಕೆಂದರೆ ಕುಡಚಿಗೆ ಹೋಗಬೇಕು. ಅಂದಿನ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ನಾಡು ಒಂದಾಯಿತು. ಅರಸರ ಎಲ್ಲೆಗಳು ಅಳಿಸಿದವು. ಪಂಕ್ತಿಯ ಎಲ್ಲೆಗಳು ಅಷ್ಟು ಬೇಗ ಅಳಿಸಲಿಲ್ಲ. ಖಾನಾವಳಿಗಳ ಹಲಗೆಯ ಮೇಲೆ ಜಾತಿಯ ಹೆಸರು ಬಹಳ ದಿನ ಉಳಿಯಿತು.

ಈಗ ತಟ್ಟೆಯನ್ನೇ ನೋಡೋಣ. ಜೋಳದ ರೊಟ್ಟಿ ಈ ನೆಲದ್ದು. ಕುರಿ ಈ ಸೀಮೆಯ ಕುರುಬನದು. ಕುರಿಸಂತೆಗೆ ಹೆಸರಾದ ಅಮೀನಗಡ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕೆಂಪು ಮೆಣಸಿನಕಾಯಿ ಅಮೇರಿಕಾ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಪಾವೂ ಅವರದೇ ಮಾತು. ಖೀಮಾ, ಪಲಾವು ಪಡುವಣ ಏಶಿಯದಿಂದ ನಡೆದುಬಂದವು. 1970ರ ದಶಕದಿಂದೀಚೆಗೆ ಸಾಕಣೆಯ ಕೋಳಿ ಬೆಳೆದು, ಕುರಿಯ ಮಾಂಸ ಕೈಗೆಟುಕದವನ ತಟ್ಟೆಗೂ ಒಂದು ತುಂಡು ಬಂತು. ಜಾನುವಾರು ಹತ್ಯೆಯನ್ನು ನಿಷೇಧಿಸಿ ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು ಕೂಡ ಬಡವರ ಊಟದ ಅಂಗಡಿಗಳ ಅಡಿಗೆಯನ್ನು ಬದಲಿಸಿತು. ಒಂದು ತಗಡಿನ ತಟ್ಟೆಯಲ್ಲಿ ಇಷ್ಟೊಂದು ಚರಿತ್ರೆ.

ಈ ಅಂಗಡಿಯನ್ನು ಹೊಗಳುವ ಭರದಲ್ಲಿ ನಿಜವನ್ನು ಮರೆಯಬಾರದು. ಅಸ್ಪೃಶ್ಯತೆಯ ರೋಗ ಒಂದೇ ಧರ್ಮದವರಿಗೆ ತಗುಲಿದ್ದಲ್ಲ. 1934ರಲ್ಲಿ ಡಾ. ಅಂಬೇಡಕರರು ಗೆಳೆಯರೊಡನೆ ದೌಲತಾಬಾದಿನ ಕೋಟೆ ನೋಡಲು ಹೋದಾಗ, ಕೊಳದ ನೀರಿನಲ್ಲಿ ಕೈಕಾಲು ತೊಳೆದರೆಂದು ಅವರನ್ನು ಅಡ್ಡಗಟ್ಟಿ ನಿಂದಿಸಿದವರು ಮುಸಲ್ಮಾನರು. ತಮ್ಮ ಬದುಕಿನ ನೆನಪುಗಳಲ್ಲಿ ಅವರು ಅದನ್ನು ದಾಖಲಿಸಿದ್ದಾರೆ. ಉಪಾಹಾರಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆದದ್ದು ಯಾವ ಅಂಗಡಿಕಾರನ ಔದಾರ್ಯವೂ ಅಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಕಾಯಿದೆ ಬಾಗಿಲನ್ನು ತೆರೆಯಬಲ್ಲುದು. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಕೊಡುವ ಕೆಲಸ ಮಾತ್ರ ಉಣ್ಣುವವನದೇ.

ಇತ್ತೀಚೆಗೆ, 2022ರ ಯುಗಾದಿಯ ಹೊತ್ತಿಗೆ, ಹಲಾಲ್ ಎಂಬ ಮಾತೇ ನಮ್ಮ ರಾಜ್ಯದಲ್ಲಿ ವಾದದ ವಸ್ತುವಾಯಿತು. ದಕ್ಷಿಣದ ಜಿಲ್ಲೆಗಳ ಹೊಸತೊಡಕಿನ ಮಾಂಸವನ್ನು ಯಾರಲ್ಲಿ ಕೊಳ್ಳಬೇಕು, ಯಾರಲ್ಲಿ ಕೊಳ್ಳಬಾರದು ಎಂಬ ಪ್ರಚಾರ ನಡೆಯಿತು. ಯಾರು ಏನು ತಿನ್ನಬೇಕೆಂಬುದು ಅವರವರ ಇಚ್ಛೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಶಬ್ದ ನಿನ್ನೆ ಮೊನ್ನೆ ನಮ್ಮೊಳಗೆ ನುಸುಳಿದ್ದೆಂಬಂತೆ ಮಾತನಾಡುವುದನ್ನು ಕೇಳಿದಾಗ ನನಗೆ ಹಳ್ಳಿಯ ಮುಲಾಣಿ ನೆನಪಾದ. ಅವನಿಗೆ ಕಾಳಿನ ಪಾಲನ್ನು ಅಳೆದುಕೊಟ್ಟ ನಮ್ಮ ಹಿರಿಯರೂ ನೆನಪಾದರು.

ಆ ದಿನಗಳಲ್ಲಿಯೇ ಒಂದು ಮಧ್ಯಾಹ್ನ ಬನಹಟ್ಟಿಯ ನೇಕಾರ ಗೆಳೆಯರೊಬ್ಬರೊಡನೆ ನಾನು ಆ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ನನ್ನ ಬಿಗುಮಾನವನ್ನು ಅಂಗಡಿಯ ಮುದುಕರು ಒಂದೇ ನೋಟದಲ್ಲಿ ಗುರುತಿಸಿದರು. “ನಿಮಗ ಬ್ಯಾರೆ ಇಟ್ಟೀನ್ರಿ. ಬ್ಯಾರೆ ಭಾಂಡೆ, ಬ್ಯಾರೆ ಸೌಟು” ಎಂದು ಮೂಲೆಯ ಸಣ್ಣ ಪಾತ್ರೆಯಿಂದ ಅನ್ನ, ಬ್ಯಾಳಿ ಬಡಿಸಿದರು. ಪಕ್ಕದಲ್ಲಿ ಅರ್ಧ ಈರುಳ್ಳಿ, ಒಂದು ಲಿಂಬೆಯ ಹೋಳು. ವಾರದಲ್ಲಿ ಯಾವ ದಿನ ಯಾರು ಮಾಂಸ ತಿನ್ನುವುದಿಲ್ಲ, ಯಾರಿಗೆ ಶ್ರಾವಣ, ಯಾರಿಗೆ ರೋಜೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ತನ್ನ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವವನಿಗೆ ಇನ್ನೊಬ್ಬನ ನಿಯಮದ ಬೆಲೆ ತಿಳಿದಿರುತ್ತದೆ ಎಂಬುದನ್ನು ನಾನು ಯಾವ ಗ್ರಂಥದಿಂದಲೂ ಅಷ್ಟು ಸ್ಪಷ್ಟವಾಗಿ ಕಲಿತಿರಲಿಲ್ಲ.

ಮುಧೋಳದ ರನ್ನನು ಬಳೆಗಾರರ ಮನೆತನದವನು, ಸಂತೆಯನ್ನು ಬಲ್ಲವನು. ಆದರೆ ಜೈನ; ಈ ಬೆಂಚಿಗೆ ಬಂದು ಕೂಡುತ್ತಿರಲಿಲ್ಲ. ನನ್ನ ತಂದೆಯವರೂ ಕೂಡುತ್ತಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಉಂಡು ಎದ್ದು ದುಡ್ಡು ಕೊಟ್ಟಾಗ ನಾನು ಲೆಕ್ಕ ತಪ್ಪಿ ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೆ. ಓಣಿಯ ಕೊನೆಯವರೆಗೆ ಒಬ್ಬ ಹುಡುಗ ಓಡಿಬಂದು ಅದನ್ನು ನನ್ನ ಕೈಯಲ್ಲಿಟ್ಟ. “ಅಜ್ಜ ಹೇಳ್ಯಾನ್ರಿ, ಇದು ನಮಗ ಹಲಾಲ್ ಅಲ್ಲಂತ.” ನಾನು ನಿಂತದ್ದು ಓಣಿಯ ಆಚೆಯ ಮಗ್ಗುಲಲ್ಲಿ, ಹುಡುಗನಾಗಿದ್ದಾಗ ತಂದೆಯವರು ಕೈ ಹಿಡಿದು ದಾಟಿಸುತ್ತಿದ್ದ ಮಗ್ಗುಲದು.