ದೇವರು ಬಂತು, ಬಂದನು, ಬಂದರು: ಕನ್ನಡ ಬೈಬಲಿನ ಆಖ್ಯಾತ ಪ್ರತ್ಯಯಗಳಲ್ಲಿ ದೈವಶಾಸ್ತ್ರ ಮತ್ತು ನೀತಿ

ಹಂಪಿಯ ರಥಬೀದಿಯಲ್ಲಿ ಉತ್ಸವಮೂರ್ತಿ ಸಾಗಿ ಬರುವಾಗ ‘ದೇವರು ಬಂತು’ ಎನ್ನುವುದು ಆಡುಮಾತಿನಲ್ಲಿ ಸಹಜ. ಹೊಸಪೇಟೆಯ ಪ್ರಾಟೆಸ್ಟಂಟ್ ಮನೆಯೊಂದರಲ್ಲಿ ಹಳೆಯ ಭಾಷಾಂತರದ ಬೈಬಲನ್ನು ತೆರೆದರೆ ಅದೇ ‘ದೇವರು’ ಎಂಬ ಪದ ‘ಬಂದನು’, ‘ಕೊಟ್ಟನು’ ಎಂಬಂಥ ಕ್ರಿಯಾಪದಗಳೊಡನೆ ನಿಲ್ಲುತ್ತದೆ. ಕಥೋಲಿಕರು ಬಳಸುವ ಸರಳ ಕನ್ನಡದ ಅನುವಾದದಲ್ಲಾದರೋ ಅದು ‘ಬಂದರು’, ‘ಕೊಟ್ಟರು’ ಎಂದಾಗುತ್ತದೆ. ಕರ್ತೃಪದ ಒಂದೇ, ಆಖ್ಯಾತ ಪ್ರತ್ಯಯಗಳು ಮೂರು. ಈ ಆಯ್ಕೆಯ ಚರಿತ್ರೆಯನ್ನೂ ಅದರ ಹಿಂದಿರುವ ದೈವಶಾಸ್ತ್ರೀಯ ಹಾಗೂ ನೈತಿಕ ಪ್ರಶ್ನೆಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ. ಪ್ರತ್ಯಯದ ಆಯ್ಕೆ ಕೇವಲ ವ್ಯಾಕರಣದ ಅಥವಾ ಕೇವಲ ಭಕ್ತಿಯ ಸಂಗತಿಯಲ್ಲ. ಸಮಾಜದಲ್ಲಿ ಯಾರಿಗೆ ಎಷ್ಟು ಗೌರವ ಸಲ್ಲಬೇಕೆಂಬ ತೀರ್ಮಾನವೂ ಅದರೊಳಗೆ ಅಡಗಿದೆ ಎಂಬುದು ನಮ್ಮ ವಾದ.

1. ಬಳ್ಳಾರಿಯ ಹಿನ್ನೆಲೆ

ಹೊಸಪೇಟೆ, ಹಂಪಿ, ಕಂಪ್ಲಿಗಳನ್ನು ಒಳಗೊಂಡ ಬಳ್ಳಾರಿ ಸೀಮೆಯನ್ನು ಹೈದರಾಬಾದಿನ ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನವಾಗಿ ಉಳಿಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ತೊಡಗಿದರು. ಆ ಕಾರ್ಯ 1831ರ ವೇಳೆಗೆ ಸಂಪೂರ್ಣ ಕನ್ನಡ ಬೈಬಲಿನ ರೂಪ ಪಡೆಯಿತು. ಅವರ ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಹೊರತಂದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಅಚ್ಚಾದದ್ದೂ ಬಳ್ಳಾರಿಯಲ್ಲಿಯೇ. ಹೀಗೆ ಕನ್ನಡದ ಮುದ್ರಿತ ಗದ್ಯ ರೂಪುಗೊಂಡ ನೆಲೆಗಳಲ್ಲಿ ಬಳ್ಳಾರಿಯೂ ಒಂದು. ಬಳ್ಳಾರಿಯಲ್ಲಿ ಮೊದಲುಗೊಂಡ ಅನುವಾದ ಪರಂಪರೆ ಹಲವು ಪರಿಷ್ಕರಣೆಗಳನ್ನು ದಾಟಿ, ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಂದೂ ಓದಲ್ಪಡುವ ‘ಹಳೆಯ ಭಾಷಾಂತರ’ದವರೆಗೆ ಬಂದಿದೆ.

2. ಮೂರು ಪ್ರತ್ಯಯಗಳು, ಮೂರು ಕಲ್ಪನೆಗಳು

‘ದೇವರು’ ರೂಪದಲ್ಲಿ ಬಹುವಚನ, ಅರ್ಥದಲ್ಲಿ ಏಕವಚನ. ಹಳಗನ್ನಡದ ‘ದೇವಂ’ ಏಕವಚನ. ‘ದೇವರ್’ ಬಹುವಚನವೂ ಹೌದು, ಗೌರವಸೂಚಕವೂ ಹೌದು. ವಿಜಯನಗರ ಕಾಲದ ಶಾಸನಗಳಲ್ಲಿ ‘ವಿರೂಪಾಕ್ಷದೇವರು’, ‘ವಿಠಲದೇವರು’ ಎಂಬ ರೂಪಗಳು ಹೇರಳ. ಕಾಲಕ್ರಮದಲ್ಲಿ ಗೌರವಾರ್ಥಕ ರೂಪವೇ ಮೂಲಪದದಂತೆ ನೆಲೆನಿಂತಿತು. ಆದುದರಿಂದಲೇ ನಿಜವಾದ ಬಹುತ್ವವನ್ನು ಹೇಳಬೇಕಾದಾಗ ‘ದೇವರುಗಳು’ ಎಂದು ಇನ್ನೊಂದು ಪ್ರತ್ಯಯವನ್ನು ಸೇರಿಸುತ್ತೇವೆ.

ಹೀಗೆ ರೂಪ ಮತ್ತು ಅರ್ಥಗಳು ಬೇರ್ಪಟ್ಟಿರುವ ಕಾರಣ ಕ್ರಿಯಾಪದಕ್ಕೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಮೂರ್ತಿ ಮೆರವಣಿಗೆಯಲ್ಲಿ ಬಂದಾಗ, ಅಥವಾ ಒಬ್ಬರ ಮೈಮೇಲೆ ದೈವ ಬಂದಾಗ ‘ಬಂತು’ ಎಂಬ ನಪುಂಸಕ ರೂಪ ಬಳಕೆಯಾಗುತ್ತದೆ. ಇದು ಅನಾದರವಲ್ಲ, ಮನುಷ್ಯವ್ಯಕ್ತಿಯ ಚೌಕಟ್ಟಿಗೆ ಒಳಪಡದ ಶಕ್ತಿಯ ಕಲ್ಪನೆ ಅದರಲ್ಲಿದೆ. ‘ಬಂದನು’ ಎಂಬುದು ದೇವರನ್ನು ಒಬ್ಬ ವ್ಯಕ್ತಿಯೆಂದು ನಿರ್ದೇಶಿಸುತ್ತದೆ. ಜೊತೆಗೆ ಪುಲ್ಲಿಂಗವನ್ನೂ ನಿಗದಿಗೊಳಿಸುತ್ತದೆ. ‘ಬಂದರು’ ಎಂಬುದು ಗೌರವವನ್ನು ಸೂಚಿಸುತ್ತದೆ. ಆದರೆ ಸ್ತ್ರೀ–ಪುರುಷ ಭೇದವನ್ನು ತೋರುವುದಿಲ್ಲ.

ಕ್ರೈಸ್ತ ದೈವಶಾಸ್ತ್ರಕ್ಕೆ ದೇವರು ಸಂಬೋಧನೆಗೆ ಓಗೊಡುವ ವ್ಯಕ್ತಿಸ್ವರೂಪಿ. ಆದಕಾರಣ ಮೊದಲನೆಯ ದಾರಿ ಅನುವಾದಕರಿಗೆ ಮುಚ್ಚಿತ್ತು. ಉಳಿದ ಎರಡರಲ್ಲಿ ಹಳೆಯ ಭಾಷಾಂತರ ‘-ಅನು’ವನ್ನು ಆರಿಸಿಕೊಂಡಿತು.

3. ಏಕವಚನಕ್ಕೆ ಕಾರಣಗಳು

ಈ ಆಯ್ಕೆಗೆ ಕೊಡಬಹುದಾದ ಸುಲಭದ ವಿವರಣೆ ಏಕದೇವವಾದ: ‘-ಅರು’ ಬಹುದೇವರ ಭ್ರಮೆ ಹುಟ್ಟಿಸೀತೆಂಬ ಅಂಜಿಕೆ. ಈ ವಿವರಣೆ ಸಾಲದು. ಬಹುತ್ವಕ್ಕೆ ‘ದೇವರುಗಳು’, ‘ದೇವತೆಗಳು’ ಎಂಬ ಸ್ಪಷ್ಟ ರೂಪಗಳಿರುವಾಗ ಕನ್ನಡದ ಓದುಗನಿಗೆ ‘ದೇವರು ಕೊಟ್ಟರು’ ಎಂಬಲ್ಲಿ ಗೊಂದಲ ಹುಟ್ಟುವುದು ವಿರಳ.

ಮೂರು ಸಂಗತಿಗಳು ಇಲ್ಲಿ ಕೂಡಿಬಂದಿವೆಯೆಂದು ನಮಗೆ ತೋರುತ್ತದೆ. ಮೊದಲನೆಯದು ಮೂಲಭಾಷೆಯ ಮಾದರಿ. ಹೀಬ್ರೂವಿನ ‘ಎಲೋಹಿಂ’ ಕೂಡ ರೂಪದಲ್ಲಿ ಬಹುವಚನ. ಇಸ್ರಾಯೇಲಿನ ದೇವರನ್ನು ಕುರಿತಾಗ ಅದು ಸಾಮಾನ್ಯವಾಗಿ ಏಕವಚನದ ಕ್ರಿಯಾಪದವನ್ನು ಪಡೆಯುತ್ತದೆ. ‘ದೇವರು ಕೊಟ್ಟನು’ ಎಂಬ ರಚನೆ ಇದಕ್ಕೆ ಅಚ್ಚರಿ ಹುಟ್ಟಿಸುವಷ್ಟು ಸಮೀಪದಲ್ಲಿದೆ. ಎರಡನೆಯದು ಕನ್ನಡದ ಕಥನ ಪರಂಪರೆ. ಕಾವ್ಯ ಪುರಾಣಗಳಲ್ಲಿ ರಾಮನು, ಶಿವನು, ಧರ್ಮರಾಯನು ಎಲ್ಲರೂ ‘-ಅನು’ ಪ್ರತ್ಯಯದಲ್ಲಿಯೇ ಮಾತಾಡುತ್ತಾರೆ. ಮೂರನೆಯದು ಆಡುನುಡಿ. ‘ದೇವರು ಕೊಟ್ಟ’ ಎಂಬುದು ಇಂದಿಗೂ ಜನರ ಬಾಯಲ್ಲಿದೆ. ಹೀಗಿರುವಾಗ, ಪರದೇಶದ ಅನುವಾದಕರು ಕನ್ನಡದ ಗೌರವ ವ್ಯವಸ್ಥೆಯನ್ನು ಅರಿಯದೆ ಏಕವಚನ ಬಳಸಿದರೆಂಬ ಮಾತು ನಿಲ್ಲುವುದಿಲ್ಲ.

ಮಧ್ಯಮ ಪುರುಷದಲ್ಲಿಯೂ ಇದೇ ಸ್ಥಿತಿ. ಹಳೆಯ ಭಾಷಾಂತರದ ಪ್ರಾರ್ಥನೆಗಳು ದೇವರನ್ನು ‘ನೀನು’ ಎಂದು ಕರೆಯುತ್ತವೆ. ವಚನಕಾರರೂ ಹರಿದಾಸರೂ ತಮ್ಮ ಆರಾಧ್ಯವನ್ನು ‘ನೀನು’ ಎಂದೇ ಕರೆದವರು; ತಾಯಿಯನ್ನು ‘ನೀನು’ ಎನ್ನುವ ಮನೆಗಳೂ ಅಸಂಖ್ಯ. ಗೌರವದ ಅಭಾವದಿಂದ ಹುಟ್ಟುವ ‘ನೀನು’ ಬೇರೆ, ದೂರದ ಅಭಾವದಿಂದ ಹುಟ್ಟುವ ‘ನೀನು’ ಬೇರೆ. 1923ರಲ್ಲಿ ಯಹೂದಿ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ‘ನಾನು–ನೀನು’ ಸಂಬಂಧವನ್ನು ‘ನಾನು–ಅದು’ ಸಂಬಂಧದಿಂದ ಬೇರ್ಪಡಿಸಿ ನಡೆಸಿದ ಚಿಂತನೆ ಕ್ರೈಸ್ತ ದೈವಶಾಸ್ತ್ರದ ಮೇಲೆಯೂ ಗಾಢ ಪ್ರಭಾವ ಬೀರಿತು. ಆ ವಿಚಾರವನ್ನು ಗ್ರಹಿಸಲು ಕನ್ನಡಿಗನಿಗೆ ಹೊಸ ಪರಿಭಾಷೆ ಬೇಕಾಗಿಲ್ಲ.

4. ಬಹುವಚನ ಬಂದಾಗ

ಎರಡನೆಯ ವ್ಯಾಟಿಕನ್ ಪರಿಷತ್ತು (1962–65) ದೇಶಭಾಷೆಗಳನ್ನು ಆರಾಧನೆಗೆ ಬರಮಾಡಿಕೊಂಡಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿದ್ಧವಾದ ಸರಳ ಕನ್ನಡದ ಅನುವಾದದಲ್ಲಿ ದೇವರಿಗೂ ‘ಯೇಸುಸ್ವಾಮಿ’ಗೂ ‘-ಅರು’ ಪ್ರತ್ಯಯ ಬಂದಿತು. ಕಥೋಲಿಕರ ಪ್ರಾರ್ಥನೆಯಲ್ಲಿ ‘ನಿನ್ನ’ ಎಂಬುದರ ಸ್ಥಾನದಲ್ಲಿ ‘ನಿಮ್ಮ’ ಇದೆ. ‘ಸುವಾರ್ತೆ’–‘ಶುಭಸಂದೇಶ’, ‘ಯೆಹೋವ’–‘ಸರ್ವೇಶ್ವರ’ ಎಂಬ ಜೋಡಿಗಳು ಎರಡು ಪರಂಪರೆಗಳ ಅಂತರವನ್ನು ತೋರಿಸುತ್ತವೆಂಬುದು ಎಲ್ಲರಿಗೂ ತಿಳಿದ ವಿಷಯ. ಪ್ರತ್ಯಯಗಳ ಅಂತರ ಅಷ್ಟಾಗಿ ಗಮನ ಸೆಳೆದಿಲ್ಲ. ಆದರೆ ಅದರ ಪರಿಣಾಮ ಹೆಚ್ಚು ವ್ಯಾಪಕ. ಪದವೊಂದು ಅಲ್ಲಲ್ಲಿ ಬರುತ್ತದೆ. ಪ್ರತ್ಯಯ ಪ್ರತಿ ವಾಕ್ಯದಲ್ಲಿಯೂ ಬರುತ್ತದೆ.

ಗೌರವಾರ್ಥಕ ಬಹುವಚನ ಪಠ್ಯದೊಳಗೆ ಬಂದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ: ಬೇರೆ ಯಾರಿಗೆ? ಹಳೆಯ ಭಾಷಾಂತರದಲ್ಲಿ ರಾಜನೂ, ಮಹಾಯಾಜಕನೂ, ಸುಂಕದವನೂ, ಕುಷ್ಠರೋಗಿಯೂ, ಯೇಸುವೂ ‘-ಅನು’ ಪ್ರತ್ಯಯವನ್ನೇ ಹಂಚಿಕೊಳ್ಳುತ್ತಾರೆ. ಯೇಸುವಿಗೆ ಮಾತ್ರ ‘-ಅರು’ ಸಂದಾಗ ಆತನು ಮುಟ್ಟಿ ಗುಣಪಡಿಸಿದ ರೋಗಿ ‘-ಅನು’ವಿನಲ್ಲಿಯೇ ಉಳಿಯುತ್ತಾನೆ. ದೇವರು ತನ್ನನ್ನು ಬರಿದುಮಾಡಿಕೊಂಡು ಮನುಷ್ಯರ ಸಾಲಿನಲ್ಲಿ ನಿಂತನೆಂಬುದು ಕ್ರೈಸ್ತ ಬೋಧನೆಯ ತಿರುಳು. ಗ್ರೀಕಿನಲ್ಲಿ ಅದನ್ನು ‘ಕೆನೋಸಿಸ್’ ಎನ್ನುತ್ತಾರೆ. ಈ ಬೋಧನೆಯನ್ನು ಏಕವಚನದ ಪಠ್ಯ ತನ್ನ ವ್ಯಾಕರಣದಲ್ಲಿಯೇ ನುಡಿಯುತ್ತದೆ ಎನ್ನಬಹುದು.

ಆದರೆ ಇದಕ್ಕೆ ಪ್ರತಿಯಾದ ವಾದವೂ ಅಷ್ಟೇ ಬಲವಾದುದು. ಕರ್ನಾಟಕದ ಕ್ರೈಸ್ತ ಸಮುದಾಯದಲ್ಲಿ ದಲಿತ ಮೂಲದ ಕುಟುಂಬಗಳು ಗಣನೀಯವಾಗಿವೆ. ಏಕವಚನದ ಕರೆ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಅವರ ಮೇಲೆ ಹೇರಲ್ಪಟ್ಟ ಅವಮಾನದ ಗುರುತಾಗಿತ್ತು. ಅಂಥವರಿಗೆ ತಮ್ಮ ದೇವರನ್ನು ‘-ಅರು’ ಎಂದು ಕೇಳುವುದು ಆಡಂಬರವಲ್ಲ, ಮರಳಿ ಪಡೆದ ಮರ್ಯಾದೆ. ಸಾಲದೆಂಬಂತೆ, ‘-ಅನು’ ದೇವರನ್ನು ಪುರುಷನನ್ನಾಗಿಸುವಲ್ಲಿ ‘-ಅರು’ ಲಿಂಗಭೇದವನ್ನು ಮೀರುತ್ತದೆ. ಸ್ತ್ರೀವಾದಿ ದೈವಶಾಸ್ತ್ರ ಇಂಗ್ಲಿಷಿನಲ್ಲಿ ಬಹಳ ಶ್ರಮದಿಂದ ಹುಡುಕುತ್ತಿರುವುದು ಕನ್ನಡದಲ್ಲಿ ಗೌರವದ ಮಾತಿನೊಡನೆ ತಾನಾಗಿ ದೊರೆಯುತ್ತದೆ.

5. ಉಪಸಂಹಾರ

ಈ ಎರಡು ವಾದಗಳಲ್ಲಿ ಒಂದನ್ನು ಸರಿಯೆಂದು ಘೋಷಿಸುವುದು ಭಾಷಾವಿಜ್ಞಾನದ ಕೆಲಸವಲ್ಲ. ಆದರೆ ಎರಡೂ ಬೇರೆ ಬೇರೆ ನೈತಿಕ ಹಂಬಲಗಳಿಂದ ಹುಟ್ಟಿವೆ ಎಂಬುದನ್ನು ಅದು ತೋರಿಸಬಲ್ಲುದು: ಒಂದು ಎಲ್ಲರನ್ನೂ ಒಂದೇ ಪ್ರತ್ಯಯದಲ್ಲಿ ಕೂರಿಸುವ ಸಮಾನತೆ, ಇನ್ನೊಂದು ಗೌರವ ವಂಚಿತರಿಗೆ ಗೌರವದ ಭಾಷೆಯನ್ನು ದೊರಕಿಸುವ ಸಮಾನತೆ. ಮೂರನೆಯ ಸಾಧ್ಯತೆಯೊಂದು ಉಳಿದಿದೆ. ದೇವರಿಗೆ ಸಲ್ಲುವ ‘-ಅರು’ ಕುಷ್ಠರೋಗಿಗೂ ಭಿಕ್ಷುಕನಿಗೂ ಸಲ್ಲುವಂಥ ಪಠ್ಯವನ್ನು ಕನ್ನಡದ ವ್ಯಾಕರಣ ತಡೆಯುವುದಿಲ್ಲ. ತಡೆಯುವುದು ನಮ್ಮ ರೂಢಿ. ಮುಂದಿನ ಪರಿಷ್ಕರಣೆಗೆ ಕೈಹಾಕುವವರು ಪದಕೋಶದ ಜೊತೆಗೆ ಈ ಪ್ರತ್ಯಯಗಳನ್ನೂ ತಮ್ಮ ಮುಂದಿಟ್ಟುಕೊಂಡು ಚರ್ಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.