ಜಟಿಂಗ ರಾಮೇಶ್ವರದ ಧರ್ಮಲಿಪಿ: ಬರೆಸಿದ್ದರ ಉದ್ದೇಶ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಜಟಿಂಗ ರಾಮೇಶ್ವರ ಬೆಟ್ಟವು ಜಟಾಯುವಿನ ಐತಿಹ್ಯದಿಂದಲೂ ಮೇಲಿರುವ ರಾಮೇಶ್ವರ ದೇವಾಲಯದಿಂದಲೂ ಸುತ್ತಲಿನ ಜನರಿಗೆ ಪರಿಚಿತವಾಗಿದ್ದರೂ, ಭಾರತದ ಚರಿತ್ರೆಯಲ್ಲಿ ಅದಕ್ಕೆ ಪ್ರಮುಖ ಸ್ಥಾನ ದೊರೆತದ್ದು ಅಲ್ಲಿನ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಕೊರೆಸಲಾದ ಅಶೋಕನ ಶಾಸನದಿಂದ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು 1892ರಲ್ಲಿ ಇದನ್ನೂ, ಸಮೀಪದಲ್ಲೇ ಇರುವ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪ್ರತಿಗಳನ್ನೂ ಬೆಳಕಿಗೆ ತಂದರು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಜನ ಈ ಬಂಡೆಯನ್ನು ಬಳೆಗಾರ ಗುಂಡು ಎಂದು ಕರೆಯುತ್ತಿದ್ದರು. ಇಲ್ಲಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿರುವ ಕಾರಣ ಪಾಠವನ್ನು ಬ್ರಹ್ಮಗಿರಿಯ ಪ್ರತಿಯ ನೆರವಿನಿಂದಲೇ ಪೂರ್ಣಗೊಳಿಸಿಕೊಳ್ಳಬೇಕಾಗುತ್ತದೆ.

ಧರ್ಮವನ್ನು ಕುರಿತ ಪ್ರಾಚೀನ ಬರಹವೊಂದು ಏಕೆ ಹುಟ್ಟಿತೆಂಬ ಪ್ರಶ್ನೆಗೆ ಕೆಲವೊಮ್ಮೆ ಆ ಬರಹದಲ್ಲೇ ಉತ್ತರ ದೊರೆಯುತ್ತದೆ. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಲೂಕನ ಸುವಾರ್ತೆಯು ಥೆಯೊಫಿಲನೆಂಬವನು ಕಲಿತ ವಿಷಯಗಳು ಅವನಿಗೆ ದೃಢಪಡಲೆಂದು ರಚಿತವಾದುದಾಗಿ ಆರಂಭದಲ್ಲೇ ತಿಳಿಸುತ್ತದೆ. ಯೋಹಾನನ ಸುವಾರ್ತೆಯು ಓದುವವರಲ್ಲಿ ನಂಬಿಕೆ ಮೂಡಲೆಂಬ ಗುರಿಯನ್ನು ಕೊನೆಯ ಭಾಗದಲ್ಲಿ ಹೇಳಿಕೊಳ್ಳುತ್ತದೆ. ಅವುಗಳಿಗಿಂತ ಮೂರು ಶತಮಾನಗಳಷ್ಟು ಹಿಂದಿನದಾದ ಈ ಶಾಸನವೂ ತನ್ನ ಉದ್ದೇಶವನ್ನು ತಾನೇ ಸಾರುತ್ತದೆ.

ವಿದ್ವಾಂಸರು ಇದನ್ನು ಕಿರು ಬಂಡೆಶಾಸನಗಳ ವರ್ಗಕ್ಕೆ ಸೇರಿಸುತ್ತಾರೆ. ಕಳಿಂಗ ಯುದ್ಧದ ಅನಂತರ ಅಶೋಕನು ಹೊರಡಿಸಿದ ಧರ್ಮಲಿಪಿಗಳಲ್ಲಿ, ಎಂದರೆ ಧರ್ಮವನ್ನು ತಿಳಿಸುವ ಬರಹಗಳಲ್ಲಿ, ಇವೇ ಮೊದಲಿನವು. ಮೊದಲ ಭಾಗದಲ್ಲಿ ದೊರೆಯು ತಾನು ಉಪಾಸಕನಾಗಿ, ಅಂದರೆ ಬುದ್ಧನನ್ನು ಅನುಸರಿಸುವ ಗೃಹಸ್ಥನಾಗಿ, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದೂ, ಮೊದಲ ಒಂದು ವರ್ಷ ಸಾಕಷ್ಟು ಶ್ರಮಿಸಲಿಲ್ಲವೆಂದೂ, ಭಿಕ್ಷುಸಂಘದ ಸಂಪರ್ಕಕ್ಕೆ ಬಂದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ತೀವ್ರವಾಗಿ ಸಾಧನೆ ಮಾಡಿರುವುದಾಗಿಯೂ ತಿಳಿಸುತ್ತಾನೆ. ಈ ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸಿದರೆ ಅಲ್ಪನಾದವನೂ ಮಹಾಸ್ವರ್ಗವನ್ನು ಪಡೆಯಬಲ್ಲನೆಂದು ಹೇಳಿ, ಕಿರಿಯರೂ ಹಿರಿಯರೂ ಶ್ರಮಿಸಲಿ, ಗಡಿಯಾಚೆಯವರೂ ಇದನ್ನು ಅರಿಯಲಿ, ಈ ಪ್ರಯತ್ನ ಬಹುಕಾಲ ನಿಲ್ಲಲಿ ಎಂಬುದಕ್ಕಾಗಿಯೇ ಘೋಷಣೆ ಹೊರಟಿತೆಂದು ಸ್ಪಷ್ಟಪಡಿಸುತ್ತಾನೆ. ಪ್ರಜೆಗಳೆದುರು ತನ್ನ ಆರಂಭದ ಶೈಥಿಲ್ಯವನ್ನು ಒಪ್ಪಿಕೊಂಡು, ತಾನು ತಲುಪಿದ್ದನ್ನು ಬಡವನೂ ತಲುಪಬಲ್ಲನೆಂದು ಸಾರುವ ಈ ಮಾತಿನಲ್ಲಿಯೇ ಶಾಸನದ ಘನತೆ ಅಡಗಿದೆ.

ಎರಡನೆಯ ಭಾಗವು ತಂದೆತಾಯಿಗಳ ಮತ್ತು ಹಿರಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಶಿಷ್ಯರಿಂದ ಆಚಾರ್ಯರಿಗೆ ಗೌರವ, ಬಂಧುಗಳೊಡನೆ ತಕ್ಕ ನಡವಳಿಕೆ ಎಂಬ ಗುಣಗಳನ್ನು ವಿಧಿಸುತ್ತದೆ. ಇಲ್ಲಿ ಬುದ್ಧನ ಹೆಸರಾಗಲಿ ಬೌದ್ಧ ಸಿದ್ಧಾಂತದ ವಿವರಣೆಯಾಗಲಿ ಇಲ್ಲ; ಬದಲಿಗೆ, ಇದು ಪುರಾತನ ಪದ್ಧತಿ, ದೀರ್ಘಾಯುಷ್ಯವನ್ನು ಕೊಡುವಂಥದು ಎಂಬ ಸಮರ್ಥನೆಯಿದೆ. ದೊರೆಯ ಸ್ವಂತ ಶ್ರದ್ಧೆಯನ್ನು ಹಂಚಿಕೊಳ್ಳದವರೂ ಒಪ್ಪಬಹುದಾದ ನೆಲೆಯೊಂದನ್ನು ಹುಡುಕುವ ಪ್ರಯತ್ನ ಇದರಲ್ಲಿ ಕಾಣುತ್ತದೆ.

ಉದ್ದೇಶವನ್ನು ಕಾರ್ಯಗತಗೊಳಿಸಿದ ಆಡಳಿತದ ಚಿತ್ರವೂ ಈ ಶಾಸನಗಳಲ್ಲೇ ಇದೆ. ಬ್ರಹ್ಮಗಿರಿಯ ಪ್ರತಿಯ ಮೊದಲಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಉನ್ನತ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ದೊರೆಯ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವು ಬ್ರಹ್ಮಗಿರಿಯ ಪರಿಸರದಲ್ಲಿದ್ದ ಆಡಳಿತ ಕೇಂದ್ರವೆಂಬುದು ವಿದ್ವಾಂಸರ ಅಭಿಪ್ರಾಯ. ಆಜ್ಞೆ ಹೀಗೆ ಮೇಲಿನಿಂದ ಕೆಳಗೆ ಹಂತಹಂತವಾಗಿ ಸಾಗಿಬಂದಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಪದಕ್ಕೆ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯನ್ನು ಬಳಸಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದುದು ಉಪಖಂಡದ ವಾಯವ್ಯ ಭಾಗದಲ್ಲಾದ್ದರಿಂದ, ಅವನು ಅಲ್ಲಿಂದ ಬಂದವನಾಗಿರಬೇಕು ಅಥವಾ ಅಲ್ಲಿ ತರಬೇತಿ ಪಡೆದಿರಬೇಕು.

ಸ್ಥಳೀಯರ ಆಡುಮಾತಲ್ಲದ ಪ್ರಾಕೃತದಲ್ಲಿ, ಅಕ್ಷರ ಬಲ್ಲವರು ವಿರಳವಾಗಿದ್ದ ನಾಡಿನಲ್ಲಿ ಇದನ್ನು ಕೊರೆಸಿದ್ದರಿಂದ ಪ್ರಯೋಜನವೇನೆಂಬ ಸಂದೇಹ ಸಹಜವೇ. ಆದರೆ ಆಂಧ್ರದ ಎರ್ರಗುಡಿಯ ಪ್ರತಿಯಲ್ಲಿ ರಜ್ಜುಕರೆಂಬ ಗ್ರಾಮಾಂತರ ಅಧಿಕಾರಿಗಳು ಭೇರಿ ಬಾರಿಸಿ ಜನರಿಗೆ ಆಜ್ಞೆಯನ್ನು ತಿಳಿಸಬೇಕೆಂಬ ಸೂಚನೆಯಿರುವುದನ್ನು ಗಮನಿಸಿದರೆ, ಸಂದೇಶವು ಜನರ ಕಿವಿ ಮುಟ್ಟುತ್ತಿದ್ದುದು ಅಧಿಕಾರಿಗಳ ಬಾಯಿಂದಲೇ ಎಂದೂ, ಬಂಡೆಯ ಬರಹ ಅದಕ್ಕೆ ಶಾಶ್ವತ ಆಧಾರವಾಗಿತ್ತೆಂದೂ ತಿಳಿಯುತ್ತದೆ. ಕೆಲವೇ ಮೈಲಿಗಳ ಒಳಗೆ ಮೂರು ಪ್ರತಿಗಳನ್ನು ಕೊರೆಸಿರುವುದು ಸಾಮ್ರಾಜ್ಯದ ದಕ್ಷಿಣದಂಚಿನ ಈ ಪ್ರದೇಶಕ್ಕೆ ಅಂದು ಸಂದಿದ್ದ ಮಹತ್ವಕ್ಕೆ ಸಾಕ್ಷಿ.

ಈ ಮೂರೂ ಪ್ರತಿಗಳಲ್ಲಿ ದೊರೆಯನ್ನು ದೇವಾನಾಂಪ್ರಿಯ ಎಂಬ ಬಿರುದಿನಿಂದಷ್ಟೇ ಕರೆಯಲಾಗಿದೆ. ಆತನು ಅಶೋಕನೇ ಎಂಬುದು ಹೆಸರು ಸಹಿತವಾಗಿ ದೃಢಪಟ್ಟದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ದೊರೆತಾಗ. ದಾನ ಮತ್ತು ವಿಜಯಗಳನ್ನು ದಾಖಲಿಸುವ ಸಾವಿರಾರು ಶಾಸನಗಳು ಕನ್ನಡ ನಾಡಿನಲ್ಲಿ ಮುಂದೆ ಹುಟ್ಟಿದವು. ಈ ನೆಲದ ಬರಹದ ಪರಂಪರೆ ಮಾತ್ರ ಆರಂಭವಾದದ್ದು ಸಾಮಾನ್ಯನ ನೈತಿಕ ಸಾಮರ್ಥ್ಯದಲ್ಲಿ ವಿಶ್ವಾಸವಿಟ್ಟ ಮಾತುಗಳಿಂದ ಎಂಬುದನ್ನು ನಾಡಿನ ಚರಿತ್ರೆಯನ್ನು ಓದುವ ಪ್ರತಿಯೊಬ್ಬರೂ ಅರಿತಿರಬೇಕು.